ಕಾರ್ಬೊರೇಟರ್‌ಗೆ ಕೈ ಹಾಕುವ ಮೊದಲು

ಗಂಗೊಳ್ಳಿ ಬಂದರಿನಿಂದ ಸ್ವಲ್ಪ ಒಳಗೆ ನನ್ನದೊಂದು ರಿಪೇರಿ ಶೆಡ್ ಇದೆ. ನಾಡದೋಣಿಗಳ ಹಳೆಯ ಔಟ್‌ಬೋರ್ಡ್ ಮಿಷನ್‌ಗಳೇ ನನ್ನ ಅನ್ನ. ಮಿಷನ್ ಹೊತ್ತು ತಂದವರು ಅದನ್ನು ಸ್ಟ್ಯಾಂಡಿಗೆ ಕೂರಿಸುವ ಮೊದಲೇ ರೋಗವನ್ನೂ ಹೇಳುತ್ತಾರೆ, ಮದ್ದನ್ನೂ ಹೇಳುತ್ತಾರೆ: "ಎಣ್ಣೆ ಎಳೀತಿಲ್ಲ, ಕಾರ್ಬೊರೇಟರ್ ಒಂದ್ಸಲ ಬಿಚ್ಚಿ ಕಾಣಿ ಮಾರಾಯ್ರೆ." ನಮ್ಮ ಕಡೆ ಇದು ವೇದವಾಕ್ಯ. ಬಿಚ್ಚಿ ತೊಳೆದುಕೊಟ್ಟರೆ ಗಿರಾಕಿಗೂ ಸಮಾಧಾನ, ಮೆಕ್ಯಾನಿಕ್ಕಿಗೂ ನೂರಿನ್ನೂರು ಸಿಗುತ್ತದೆ. ಮೂರು ದಿನ ಬಿಟ್ಟು ಅದೇ ಮಿಷನ್ ಅಳಿವೆಯ ಬಾಯಲ್ಲಿ ಮತ್ತೆ ನಿಲ್ಲುತ್ತದೆ.

ಹಳೆಯ ಮಿಷನ್ನಿನ ಎಣ್ಣೆ ತಕರಾರಿಗೆ ಕಾರಣ ಬಹುಪಾಲು ಕಾರ್ಬೊರೇಟರಿನ ಹಿಂದೆ, ಅಂದರೆ ಟ್ಯಾಂಕಿನ ಕಡೆ ಇರುತ್ತದೆ ಎಂಬುದು ಇಷ್ಟು ವರ್ಷ ಕೈ ಮಸಿ ಮಾಡಿಕೊಂಡ ನನ್ನ ನಂಬಿಕೆ. ಆದ್ದರಿಂದ ಹುಡುಕಾಟ ಟ್ಯಾಂಕಿನ ಮುಚ್ಚಳದಿಂದ ಶುರುವಾಗಬೇಕು. ಎಣ್ಣೆ ಹರಿಯುವ ದಾರಿಯಲ್ಲೇ ನಾವೂ ಹೋಗಬೇಕು. ಕಾರ್ಬೊರೇಟರಿನ ಬೋಲ್ಟಿಗೆ ಸ್ಪ್ಯಾನರ್ ಹಚ್ಚುವುದು ಎಲ್ಲಕ್ಕಿಂತ ಕೊನೆಗೆ.

ದೂರದ ಓದುಗರಿಗೆ ಒಂದೆರಡು ಮಾತು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ. ಟ್ರಾಲ್ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿ ನಿಂತಿರುತ್ತವೆ. 10 ಅಶ್ವಶಕ್ತಿಯವರೆಗಿನ ಮೋಟಾರಿನ ಸಾಂಪ್ರದಾಯಿಕ ದೋಣಿಗೆ ಮಾತ್ರ ಆ ನಿಷೇಧ ಇಲ್ಲ. ಹಾಗಾಗಿ ಕಡಲು ಅತಿ ಕೆಟ್ಟದಾಗಿರುವ ಕಾಲದಲ್ಲೇ ಅತಿ ಸಣ್ಣ ಮಿಷನ್‌ಗಳಿಗೆ ಅತಿ ಹೆಚ್ಚು ಕೆಲಸ. ಇವುಗಳಲ್ಲಿ ಬಹಳಷ್ಟು ಸೀಮೆಎಣ್ಣೆಯಲ್ಲಿ ಓಡುವ ಟೂ ಸ್ಟ್ರೋಕ್ ಮಿಷನ್‌ಗಳು. ತಣ್ಣಗಿರುವಾಗ ಸೀಮೆಎಣ್ಣೆ ಬೇಗ ಆವಿಯಾಗುವುದಿಲ್ಲ, ಅದರಲ್ಲಿ ಮಿಷನ್ ಹಿಡಿಯುವುದಿಲ್ಲ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಕಾಕ್ ತಿರುಗಿಸಿ ಸೀಮೆಎಣ್ಣೆಗೆ ಹಾಕಬೇಕು. ನಿಲ್ಲಿಸುವ ಮೊದಲು ಪುನಃ ಪೆಟ್ರೋಲಿಗೆ ಬಂದು ಸ್ವಲ್ಪ ಹೊತ್ತು ಓಡಿಸಬೇಕು. ಅಂದರೆ ಒಂದು ಮಿಷನ್ನಿಗೆ ಎರಡು ಟ್ಯಾಂಕು, ಎರಡು ಪೈಪು, ನಡುವೆ ಒಂದು ಕಾಕ್. ತಕರಾರು ಬರುವ ಜಾಗಗಳೂ ಅಷ್ಟೇ ಜಾಸ್ತಿ.

ಯಾರೇ ಬರಲಿ, ನಾನು ಮೊದಲು ಕೇಳುವುದು "ಹೇಗೆ ನಿಂತಿತು?" ಎಂದು. ಸ್ವಿಚ್ ಆಫ್ ಮಾಡಿದ ಹಾಗೆ ಫಕ್ಕನೆ ನಿಂತಿತು ಎಂದರೆ ನನ್ನ ಗಮನ ಕಾಯಿಲ್, ಪ್ಲಗ್ ಕಡೆಗೆ. ತೇಕುತ್ತ, ಒಮ್ಮೆ ಏರಿ ಒಮ್ಮೆ ಇಳಿದು, ಕೊನೆಗೆ ಸೊರಗಿ ನಿಂತಿತು ಎಂದರೆ ಎಣ್ಣೆ. ಎಷ್ಟು ಹೊತ್ತು ಓಡಿತ್ತು ಎಂಬುದೂ ಬೇಕು. ಎಣ್ಣೆ ಪೂರಾ ಬಂದ್ ಆದರೂ ಕಾರ್ಬೊರೇಟರಿನ ಬಟ್ಟಲಿನಲ್ಲಿ ಇದ್ದಷ್ಟು ಹೊತ್ತು ಮಿಷನ್ ಓಡುತ್ತದೆ: ನಿಧಾನದಲ್ಲಿ ಒಂದೆರಡು ನಿಮಿಷ, ಪೂರ್ತಿ ವೇಗದಲ್ಲಿ ಅದಕ್ಕಿಂತ ಬಹಳ ಕಡಿಮೆ. ಕಾಲು ಗಂಟೆ ಚೆನ್ನಾಗಿ ಓಡಿ ನಿಂತು, ಸ್ವಲ್ಪ ಬಿಟ್ಟು ಎಳೆದರೆ ಹಿಡಿದು, ಮತ್ತೆ ಕಾಲು ಗಂಟೆಗೆ ನಿಂತರೆ ಅದು ಬೇರೆ ಕಥೆ. ಅದರ ಉತ್ತರ ಹೆಚ್ಚಾಗಿ ಟ್ಯಾಂಕಿನ ಮುಚ್ಚಳದಲ್ಲೇ ಇರುತ್ತದೆ.

ಮುಚ್ಚಳದ ಮೇಲೆ ಗಾಳಿ ಬಿಡುವ ಒಂದು ಸ್ಕ್ರೂ ಇರುತ್ತದೆ. ಎಣ್ಣೆ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಬರದಿದ್ದರೆ ಟ್ಯಾಂಕಿನೊಳಗೆ ಎಳೆತ ಹುಟ್ಟಿ, ಎಣ್ಣೆ ಎಳೆಯುವ ಮಿಷನ್ನಿನ ಪಂಪು ಸೋಲುತ್ತದೆ. ಮಳೆಗಾಲದಲ್ಲಿ ನೀರು ಹೋಗದಿರಲಿ ಎಂದು ಆ ಸ್ಕ್ರೂ ಬಿಗಿಯುತ್ತಾರೆ, ಮರುದಿನ ಬಿಡಿಸಲು ನೆನಪಿರುವುದಿಲ್ಲ. ಬಿಡಿಸಿದರೂ ಕೆಲವೊಮ್ಮೆ ತೂತಿನಲ್ಲಿ ಉಪ್ಪು ಕಟ್ಟಿಕೊಂಡಿರುತ್ತದೆ. ಮಿಷನ್ ನಿಂತ ಕೂಡಲೇ ಮುಚ್ಚಳ ತಿರುಗಿಸಿ ನೋಡಿ. ಬುಸ್ ಎಂದು ಗಾಳಿ ಒಳಗೆ ಎಳೆದುಕೊಂಡಿತೋ, ರಿಪೇರಿ ಮುಗಿಯಿತು. ಶೆಡ್ಡಿಗೆ ಬರುವ ಖರ್ಚೂ ಉಳಿಯಿತು.

ಮುಚ್ಚಳ ತೆಗೆದಿದ್ದೀರಿ ಎಂದ ಮೇಲೆ ನೀರನ್ನೂ ನೋಡಿಬಿಡಿ. ನೀರು ಪೆಟ್ರೋಲಿಗಿಂತಲೂ ಸೀಮೆಎಣ್ಣೆಗಿಂತಲೂ ಭಾರ. ಅದು ತಳದಲ್ಲಿ ಕೂರುತ್ತದೆ, ಎಣ್ಣೆ ಎಳೆಯುವ ನಳಿಗೆಯ ತುದಿಯೂ ತಳದಲ್ಲೇ ಇರುತ್ತದೆ. ದೋಣಿ ನೆಮ್ಮದಿಯಾಗಿ ನಿಂತಿರುವಾಗ ತೊಂದರೆ ಕಾಣದೆ, ಅಳಿವೆಯ ತೆರೆಯಲ್ಲಿ ಕುಲುಕಿದಾಗ ಮಾತ್ರ ಮಿಷನ್ ಮುಗ್ಗರಿಸುವುದು ಈ ಕಾರಣಕ್ಕೆ. ತಳದ ಎಣ್ಣೆಯನ್ನು ಪೈಪಿನಲ್ಲಿ ಎಳೆದು ಬಿಳಿ ಗಾಜಿನ ಬಾಟ್ಲಿಗೆ ಹಾಕಿ ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ಗೆರೆ ಎಳೆದಂತೆ ಎರಡು ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಒರೆಸಿ ಒಣಗಿಸುವುದೊಂದೇ ದಾರಿ. ಅರೆಬರೆ ಸುರಿದರೆ ನೀರು ಉಳಿದೇ ಉಳಿಯುತ್ತದೆ. ರೇಷನ್ನಿನ ನೀಲಿ ಸೀಮೆಎಣ್ಣೆ ಒಂದು ಬ್ಯಾರೆಲ್ಲಿನಿಂದ ಇನ್ನೊಂದಕ್ಕೆ, ಅಲ್ಲಿಂದ ಕ್ಯಾನಿಗೆ ಎಂದು ಕೈ ಬದಲಾಯಿಸುತ್ತ ಬರುವಾಗ ತುಕ್ಕು, ಮಣ್ಣು, ನೀರು ಎಲ್ಲವನ್ನೂ ಜೊತೆಗೆ ತರುತ್ತದೆ. ಸಣ್ಣ ಜಾಲರಿಯ ಆಲಿಕೆ ಇಟ್ಟು ಸುರಿಯಿರಿ, ಕ್ಯಾನಿನ ತಳದ ಒಂದು ಲೋಟದಷ್ಟನ್ನು ಸುರಿಯದೆ ಬಿಡಿ. ಬೆಲೆ ನೋಡಿ ಹೊಟ್ಟೆ ಉರಿಯುತ್ತದೆ, ಗೊತ್ತು. ಆ ಲೋಟದಲ್ಲಿರುವುದು ಎಣ್ಣೆಗಿಂತ ಹೆಚ್ಚಾಗಿ ಕಸವೇ.

ಈಗ ಕೈಯಿಂದ ಹಿಂಡುವ ರಬ್ಬರ್ ಬಲ್ಬು. ಇಡೀ ಸಾಲಿನಲ್ಲಿ ನನಗೆ ಇದರಷ್ಟು ನಿಜ ಹೇಳುವ ಸಾಮಾನು ಇನ್ನೊಂದಿಲ್ಲ. ಇದರ ಎರಡು ತುದಿಯಲ್ಲೂ ಒಂದೊಂದು ಕವಾಟ, ಎಣ್ಣೆ ಮಿಷನ್ ಕಡೆಗೆ ಮಾತ್ರ ಹೋಗುವಂತೆ. ಬಾಣದ ಗುರುತು ಮಿಷನ್ನಿನ ಕಡೆ ಇರಬೇಕು. ಪೈಪು ಬದಲಿಸುವ ಗಡಿಬಿಡಿಯಲ್ಲಿ ಉಲ್ಟಾ ಸಿಕ್ಕಿಸಿ, ಮಿಷನ್ನಿಗೆ ಶಾಪ ಹಾಕುತ್ತ ಬಂದವರನ್ನೂ ಕಂಡಿದ್ದೇನೆ. ಬಾಣ ಮೇಲ್ಮುಖವಾಗುವಂತೆ ಹಿಡಿದು ಹಿಂಡಬೇಕು. ಕಾರ್ಬೊರೇಟರಿನ ಬಟ್ಟಲು ತುಂಬಿ ಅದರ ಸೂಜಿ ದಾರಿ ಮುಚ್ಚಿದಾಗ ಬಲ್ಬು ಗಟ್ಟಿಯಾಗುತ್ತದೆ. ಎಷ್ಟು ಹಿಂಡಿದರೂ ಗಟ್ಟಿಯಾಗದಿದ್ದರೆ ಒಂದೋ ಎಲ್ಲೋ ಗಾಳಿ ಸೇರುತ್ತಿದೆ, ಇಲ್ಲವೇ ಬಲ್ಬಿನ ಕವಾಟವೇ ಸತ್ತಿದೆ, ಅಥವಾ ಬಟ್ಟಲಿನ ಸೂಜಿ ಮುಚ್ಚದೆ ಎಣ್ಣೆ ತುಂಬಿ ಹರಿಯುತ್ತಿದೆ. ಕೊನೆಯದಾದರೆ ಕಾರ್ಬೊರೇಟರಿನ ಬಾಯಿಂದ ತೊಟ್ಟಿಕ್ಕುವುದು ಕಣ್ಣಿಗೇ ಕಾಣುತ್ತದೆ.

ಮಿಷನ್ ಓಡುತ್ತ ಸೊರಗತೊಡಗಿದಾಗ ಬಲ್ಬು ಯಾವ ಸ್ಥಿತಿಯಲ್ಲಿದೆ ಎಂದು ಮುಟ್ಟಿ ನೋಡಿ. ಈ ಒಂದು ಅಭ್ಯಾಸ ಇದ್ದರೆ ಅರ್ಧ ಮೆಕ್ಯಾನಿಕ್ ಆದಂತೆ. ಬಲ್ಬು ಚಪ್ಪಟೆಯಾಗಿ ಒಳಗೆ ಎಳೆದುಕೊಂಡಿದೆಯೇ? ಹಾಗಿದ್ದರೆ ಪಂಪು ಎಳೆಯುತ್ತಿದೆ, ಹಿಂದಿನಿಂದ ಎಣ್ಣೆ ಬರುತ್ತಿಲ್ಲ. ಮುಚ್ಚಳದ ಗಾಳಿತೂತು, ಟ್ಯಾಂಕಿನೊಳಗಿನ ಜಾಲರಿ, ಟ್ಯಾಂಕಿನಿಂದ ಬಲ್ಬಿನವರೆಗಿನ ಪೈಪು, ಇಷ್ಟರಲ್ಲೇ ಕಳ್ಳ ಇದ್ದಾನೆ. ಮೆತ್ತಗಿದೆಯೇ, ಹಿಂಡಿದ ಕೂಡಲೇ ಮಿಷನ್ ಚೇತರಿಸಿಕೊಂಡಿತೇ? ಹಾಗಾದರೆ ಪಂಪಿನ ಕೆಲಸವನ್ನು ನಿಮ್ಮ ಕೈ ಮಾಡಿತು. ಪಂಪು ದುರ್ಬಲ ಅಥವಾ ದಾರಿಯಲ್ಲಿ ಗಾಳಿ ಸೇರುತ್ತಿದೆ. ಹಿಂಡಲು ಹೋದರೆ ಕಲ್ಲಿನಂತೆ ಗಟ್ಟಿ, ಆದರೂ ಮಿಷನ್ನಿಗೆ ಜೀವ ಬರುತ್ತಿಲ್ಲವೇ? ಆಗ, ಆಗ ಮಾತ್ರ, ಕಾರ್ಬೊರೇಟರನ್ನು ಅನುಮಾನಿಸಿ. ಅದರ ಜೊತೆ ಪ್ಲಗ್ಗನ್ನೂ ಒಮ್ಮೆ ಬಿಚ್ಚಿ ನೋಡಿ: ಎಳೆದೆಳೆದು ಸುಸ್ತಾದ ಮೇಲೂ ಪ್ಲಗ್ಗಿನ ತುದಿ ಒಣಗಿದ್ದರೆ ಎಣ್ಣೆ ತಲುಪಿಲ್ಲ, ಒದ್ದೆಯಾಗಿದ್ದರೆ ಎಣ್ಣೆಯ ತಂಟೆಗೆ ಹೋಗದೆ ಕಿಡಿ ಪರೀಕ್ಷಿಸಿ. ಕಿಡಿ ನೋಡುವಾಗ ಚೆಲ್ಲಿದ ಪೆಟ್ರೋಲ್ ಒರೆಸಿರಬೇಕು ಎಂದು ಬೇರೆ ಹೇಳಬೇಕೇ? ಬಾಯಲ್ಲಿ ಬೀಡಿ ಇಟ್ಟುಕೊಂಡೇ ಬಗ್ಗಿ ನೋಡುವವರು ನಮ್ಮಲ್ಲಿ ಇನ್ನೂ ಇರುವುದರಿಂದ ಹೇಳಿದೆ.

ಪೈಪಿನ ವಿಷಯದಲ್ಲಿ ಜನರನ್ನು ಒಪ್ಪಿಸುವುದು ಕಷ್ಟ. "ಎಲ್ಲೂ ಸೋರೂದಿಲ್ಲ, ಕಾಣಿ" ಎನ್ನುತ್ತಾರೆ. ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯಲ್ಲಿ ಓಡುವಾಗ ಎಳೆತ ಇರುತ್ತದೆಯೇ ಹೊರತು ಒತ್ತಡ ಅಲ್ಲ. ಅಲ್ಲಿ ಸಣ್ಣ ಬಿರುಕು ಇದ್ದರೆ ಎಣ್ಣೆ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಒಂದು ಹನಿಯೂ ಸೋರದ ಪೈಪೇ ಮಿಷನ್ನನ್ನು ನಿಲ್ಲಿಸಬಲ್ಲದು. ಜೋಡಣೆಗಳನ್ನೆಲ್ಲ ಒಣ ಬಟ್ಟೆಯಲ್ಲಿ ಒರೆಸಿ, ಬಲ್ಬನ್ನು ಒತ್ತಿ ಹಿಡಿದು ಕಾಯಿರಿ. ಈಗ ದಾರಿಯಲ್ಲಿ ಒತ್ತಡ ಬಂದಿದೆ, ಬಿರುಕಿದ್ದಲ್ಲಿ ಪಸೆ ಕಾಣಿಸುತ್ತದೆ. ಇದಕ್ಕೂ ಸಿಗದಿದ್ದರೆ ಬಲ್ಬಿನ ಮುಂದೆ ಒಂದು ತುಂಡು ಪಾರದರ್ಶಕ ಪೈಪ್ ಸಿಕ್ಕಿಸಿ ಮಿಷನ್ ಓಡಿಸಿ. ಗುಳ್ಳೆಗಳ ಮೆರವಣಿಗೆ ಕಂಡರೆ ಗಾಳಿ ಹಿಂದಿನಿಂದಲೇ ಬರುತ್ತಿದೆ. ಸಿಕ್ಕಿಸಿ ತೆಗೆಯುವ ಕನೆಕ್ಟರಿನ ಒಳಗಿನ ರಬ್ಬರ್ ರಿಂಗು ಇಲ್ಲಿ ಹಳೆಯ ಅಪರಾಧಿ. ಐದು ಹತ್ತು ರೂಪಾಯಿಯ ಸಾಮಾನು. ಕ್ಲಿಪ್ಪಿನ ಬದಲು ಬಲೆಯ ನೂಲಿನಲ್ಲಿ ಬಿಗಿದ ಜೋಡಣೆಗಳನ್ನು ನಾನು ಮಾತಿಲ್ಲದೆ ಕತ್ತರಿಸಿ ಹಾಕುತ್ತೇನೆ. ನೂಲು ಎಣ್ಣೆಯನ್ನು ತಡೆದರೂ ಗಾಳಿಯನ್ನು ತಡೆಯುವುದಿಲ್ಲ.

ಹಳೆಯ ಪೈಪಿಗೆ ಇನ್ನೊಂದು ರೋಗವಿದೆ. ಹೊರಗೆ ಹೊಳೆಯುತ್ತಿರುತ್ತದೆ, ಒಳಪದರ ಬಿಟ್ಟುಕೊಂಡು ನಾಲಗೆಯಂತೆ ಜೋತಿರುತ್ತದೆ. ನಿಧಾನಕ್ಕೆ ಓಡಿಸಿದರೆ ಎಣ್ಣೆ ಸಾಕಾಗುತ್ತದೆ, ಜೋರು ಎಳೆದ ಕೂಡಲೇ ಆ ನಾಲಗೆ ದಾರಿಗೆ ಅಡ್ಡ ಬೀಳುತ್ತದೆ. ನಿಲ್ಲಿಸಿ ಬಿಚ್ಚಿದರೆ ಏನೂ ಕಾಣುವುದಿಲ್ಲ. ಅನುಮಾನ ಬಂದ ಪೈಪನ್ನು ಪರೀಕ್ಷಿಸುತ್ತ ಕೂರಬೇಡಿ, ಬದಲಿಸಿ.

ಎರಡು ಎಣ್ಣೆಯ ಮಿಷನ್‌ಗಳ ಕಾಕ್ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು, ಯಾಕೆಂದರೆ ನನಗೆ ಅತಿ ಹೆಚ್ಚು ತಲೆ ತಿಂದದ್ದು ಅದು. ಮರವಂತೆ ಕಡೆಯವರೊಬ್ಬರ ಮಿಷನ್. ಬೆಳಗಿನ ಜಾವ ಹಿಡಿಯುವುದೇ ಇಲ್ಲ, ಹಗ್ಗ ಎಳೆದು ಎಳೆದು ಭುಜ ಬಿದ್ದುಹೋಗಬೇಕು. ಹೇಗೋ ಹಿಡಿದರೆ ಕಡಲಿನವರೆಗೂ ಓಡುತ್ತದೆ. ಕೆಲವು ದಿನ ಅದೂ ಇಲ್ಲ, ಸೀಮೆಎಣ್ಣೆಯಲ್ಲಿ ಓಡುತ್ತಿರುವಾಗಲೇ ತೇಕುತ್ತದೆ. ಬೇರೆ ಕಡೆ ಕಾರ್ಬೊರೇಟರ್ ತೊಳೆಸಿ ಆಗಿತ್ತು, ಪಂಪಿಗೆ ಹೊಸ ಕಿಟ್ ಬಿದ್ದಿತ್ತು, ಪ್ಲಗ್ಗೂ ಹೊಸದು. "ಇದನ್ನ ಸಮುದ್ರಕ್ಕೇ ಹಾಕ್ತೆ ಅಣ್ಣ" ಎಂದಿದ್ದರು. ನಾನು ಸುಮ್ಮನೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದೆ. ಸೀಮೆಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು.

ಕಾಕಿನ ಒಳಗಿನ ಸೀಲು ಸವೆದಿತ್ತು. ಸೀಮೆಎಣ್ಣೆಯ ಬಲ್ಬು ಹಿಂಡಿದಾಗೆಲ್ಲ ಒಂದಿಷ್ಟು ಸೀಮೆಎಣ್ಣೆ ಕಾಕಿನೊಳಗೇ ನುಸುಳಿ ಪೆಟ್ರೋಲಿನ ಪೈಪಿಗೆ ಹೋಗಿ, ಅಲ್ಲಿಂದ ಟ್ಯಾಂಕಿಗೆ ಸೇರುತ್ತಿತ್ತು. ಬೆಳಿಗ್ಗೆ ಅವರು ಪೆಟ್ರೋಲ್ ಎಂದು ಸ್ಟಾರ್ಟ್ ಮಾಡುತ್ತಿದ್ದದ್ದು ಅರ್ಧ ಸೀಮೆಎಣ್ಣೆಯಲ್ಲಿ. ಇನ್ನು ಪೆಟ್ರೋಲ್ ಟ್ಯಾಂಕ್ ಖಾಲಿಯಾದ ದಿನ ಪಂಪು ಅದೇ ಸಂದಿನಿಂದ ಗಾಳಿ ಎಳೆದುಕೊಳ್ಳುತ್ತಿತ್ತು. ಅದಕ್ಕೇ ನಡುಗಡಲಿನ ತೇಕು. ಎರಡು ಬೇರೆ ಬೇರೆ ರೋಗ ಎಂದು ಎಲ್ಲರೂ ಎಣಿಸಿದ್ದರ ಬೇರು ಒಂದೇ. ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ಕಾಕಿನಿಂದ ಪೆಟ್ರೋಲ್ ಪೈಪು ಕಳಚಿ, ಕಾಕನ್ನು ಸೀಮೆಎಣ್ಣೆಗೆ ತಿರುಗಿಸಿ, ಬಲ್ಬು ಹಿಂಡಿ. ಕಳಚಿದ ಬಾಯಲ್ಲಿ ಎಣ್ಣೆ ಇಣುಕಿದರೆ ಕಾಕ್ ಬದಲಿಸಿ. ಸೀಲು ಹೊರಳಿಸಿ ಹಾಕುವ, ಅಂಟು ಹಚ್ಚುವ ಬುದ್ಧಿವಂತಿಕೆ ಬೇಡ.

ಬೆಳಿಗ್ಗೆ ಹಿಡಿಯದ ಮಿಷನ್‌ಗಳಲ್ಲಿ ಕೆಲವಕ್ಕೆ ಇಷ್ಟು ದೊಡ್ಡ ಕಾರಣವೂ ಇರುವುದಿಲ್ಲ. ಹಿಂದಿನ ದಿನ ಮೀನಿನ ಗಡಿಬಿಡಿಯಲ್ಲಿ ಸೀಮೆಎಣ್ಣೆಯಲ್ಲೇ ನಿಲ್ಲಿಸಿರುತ್ತಾರೆ, ಬಟ್ಟಲಿನ ತುಂಬ ಸೀಮೆಎಣ್ಣೆ ಕೂತಿರುತ್ತದೆ. ಬಟ್ಟಲಿನ ಅಡಿಯ ಸ್ಕ್ರೂ ಬಿಚ್ಚಿ ಖಾಲಿ ಮಾಡಿ, ಪೆಟ್ರೋಲ್ ತುಂಬಿಸಿ ಎಳೆದರೆ ಹಿಡಿಯುತ್ತದೆ.

ಪಂಪಿಗೆ ಬರೋಣ. ಇದಕ್ಕೆ ಬೇರೆ ಮೋಟಾರು ಇಲ್ಲ. ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ಕ್ರ್ಯಾಂಕ್‌ಕೇಸಿನಲ್ಲಿ ಹುಟ್ಟುವ ಒತ್ತಡದ ಏರಿಳಿತವೇ ಒಂದು ತೆಳು ರಬ್ಬರ್ ಹಾಳೆಯನ್ನು ಬಡಿದಾಡಿಸಿ ಎಣ್ಣೆ ಎಳೆಯುತ್ತದೆ. ಆ ಹಾಳೆ ವರ್ಷ ಕಳೆದಂತೆ ಸೆಟೆದುಕೊಳ್ಳುತ್ತದೆ. ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ತೂತು ಕಂಡೀತು. ತೂತಾದರೆ ಎಣ್ಣೆ ನೇರ ಕ್ರ್ಯಾಂಕ್‌ಕೇಸಿಗೆ ಸೇರಿ ಹೊಗೆ ಜಾಸ್ತಿಯಾಗಿ ಪ್ಲಗ್ ಒದ್ದೆಯಾಗುತ್ತದೆ. ಆಗ ಎಣ್ಣೆ ಬರುತ್ತಿಲ್ಲ ಎಂದಲ್ಲ, ತಪ್ಪು ದಾರಿಯಲ್ಲಿ ಬರುತ್ತಿದೆ. ಕಿಟ್ ಹಾಕುವುದು ಅರ್ಧ ಗಂಟೆಯ ಕೆಲಸ. ಹೊಸ ಕಿಟ್ ಹಾಕಿದರೂ ಪಂಪು ಎಳೆಯದಿದ್ದರೆ ಕ್ರ್ಯಾಂಕ್ ಸೀಲು ಸವೆದು, ಗ್ಯಾಸ್ಕೆಟ್ ಬಿಟ್ಟು, ಮಿಷನ್ನಿನ ಉಸಿರೇ ಕಡಿಮೆಯಾಗಿರಬಹುದು. ಮಿಷನ್ನಿಗೇ ದಮ್ಮಿಲ್ಲದಿದ್ದರೆ ಪಂಪಿಗೆ ಎಲ್ಲಿಂದ ಬರಬೇಕು? ಅಂಥ ಹೊತ್ತಿನಲ್ಲಿ ಮತ್ತೆ ಮತ್ತೆ ಕಿಟ್ ಬದಲಿಸಿ ಹಣ ಕೀಳುವುದು ನನ್ನ ಮಟ್ಟಿಗೆ ಮೋಸ. ಮಿಷನ್ ಬಿಚ್ಚಬೇಕು ಎಂದು ಮುಖಕ್ಕೇ ಹೇಳುತ್ತೇನೆ, ಅವರು ಮುನಿಸಿಕೊಂಡು ಬೇರೆ ಶೆಡ್ಡಿಗೆ ಹೋದರೂ ಸರಿ.

ಇಷ್ಟೆಲ್ಲ ಆದ ಮೇಲೆ ಕಾರ್ಬೊರೇಟರ್. ಮೊದಲು ಅಡಿಯ ಸ್ಕ್ರೂ ಬಿಚ್ಚಿ ಬಟ್ಟಲಿನ ಎಣ್ಣೆಯನ್ನು ಗಾಜಿನ ಲೋಟದಲ್ಲಿ ಹಿಡಿಯಿರಿ. ನೀರಿನ ಮಣಿಗಳು, ಬಿಳಿ ಪುಡಿ, ಕಂದು ಅಂಟು, ಯಾವುದಿದ್ದರೂ ಲೋಟವೇ ತೋರಿಸುತ್ತದೆ. ಜೆಟ್ಟುಗಳನ್ನು ತಂತಿಯಲ್ಲಿ ಕೆದಕುವುದು ನನಗೆ ಕಂಡರೆ ಆಗದ ಕೆಲಸ. ಹಿತ್ತಾಳೆ ಮೆತ್ತನೆಯ ಲೋಹ. ತೂತು ಒಂದು ಕೂದಲೆಳೆ ದೊಡ್ಡದಾದರೂ ಎಣ್ಣೆಯ ಲೆಕ್ಕ ತಪ್ಪಿ ಮಿಷನ್ ಮೊದಲಿನಂತೆ ಓಡುವುದಿಲ್ಲ. ಪೆಟ್ರೋಲಿನಲ್ಲಿ ನೆನೆಸಿ, ಗಾಳಿ ಊದಿ. ಕಸ ಹಟ ಹಿಡಿದರೆ ಬಲೆಯ ತೆಳು ನೈಲಾನ್ ಎಳೆ ಒಂದನ್ನು ತೂರಿಸಿ. ಅದು ಹಿತ್ತಾಳೆಯನ್ನು ಗೀಚುವುದಿಲ್ಲ, ನಮ್ಮಲ್ಲಿ ಅದಕ್ಕೆ ಬರವೂ ಇಲ್ಲ. ನಿಧಾನದಲ್ಲಿ ಮಾತ್ರ ನಿಲ್ಲುವ ಮಿಷನ್ನಿಗೆ ಸಣ್ಣ ಜೆಟ್ಟು, ಜೋರಿನಲ್ಲಿ ಸೊರಗುವುದಕ್ಕೆ ದೊಡ್ಡ ಜೆಟ್ಟು ನೋಡಿ. ಸೂಜಿಯ ತುದಿಯಲ್ಲಿ ಸುತ್ತಲೂ ಗೆರೆ ಬಿದ್ದಿದ್ದರೆ ಅದನ್ನು ಬಿಸಾಡಿ ಹೊಸದು ಹಾಕಿ.

ಪೆಟ್ರೋಲಿನ ಬಗ್ಗೆ ಹೊಸ ಎಚ್ಚರವೊಂದು ಬೇಕಾಗಿದೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಇ20 ಪೆಟ್ರೋಲ್ ಬಿಡುಗಡೆಯಾಯಿತು, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ್ದು. ಈಗ ಬಂಕುಗಳಲ್ಲಿ ಸಿಗುವುದು ಅದೇ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಸ್ಕೂಟರಿನಲ್ಲಿ ದಿನಾ ತುಂಬಿ ದಿನಾ ಖರ್ಚಾಗುವುದರಿಂದ ಅಷ್ಟು ತೊಂದರೆ ಇಲ್ಲ. ನಮ್ಮ ಮಿಷನ್‌ಗಳ ಪೆಟ್ರೋಲ್ ಟ್ಯಾಂಕಿನಲ್ಲಿ ಮಾತ್ರ ಒಂದಿಷ್ಟು ಪೆಟ್ರೋಲ್ ವಾರಗಟ್ಟಲೆ ಉಪ್ಪು ಗಾಳಿಯಲ್ಲಿ ಕೂತಿರುತ್ತದೆ. ನೀರು ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಒಟ್ಟಾಗಿ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಬೆರೆಸಿದ ಟೂ ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ತಳದಿಂದ ಎಳೆಯುವ ಮಿಷನ್ನಿಗೆ ಆಗ ಆಯಿಲ್ಲೇ ಇಲ್ಲದ ನೀರು ಕುಡಿಸಿದಂತೆ. ಹಳೆಯ ರಬ್ಬರ್ ಪೈಪು, ಹಾಳೆಗಳಿಗೂ ಎಥನಾಲ್ ಆಗಿಬರುವುದಿಲ್ಲ. ಬೇಕಾದಷ್ಟೇ ಪೆಟ್ರೋಲ್ ತನ್ನಿ, ಉಳಿದದ್ದನ್ನು ಇಡಬೇಡಿ.

ಟೂ ಸ್ಟ್ರೋಕ್ ಮಿಷನ್ನಿನಲ್ಲಿ ಪಿಸ್ಟನ್ನಿಗೆ ಜಾರುಗುಣ ಕೊಡುವುದು ಎಣ್ಣೆಯೊಳಗೆ ಬೆರೆಸಿದ ಆಯಿಲ್ ಎಂಬುದನ್ನು ಮರೆತೇ "ಸ್ವಲ್ಪ ತೇಕ್ತದೆ, ನಡಿತದೆ" ಎಂದು ಓಡಿಸುವವರಿದ್ದಾರೆ. ಎಣ್ಣೆ ಕಡಿಮೆ ಬಂದರೆ ಆಯಿಲ್ಲೂ ಕಡಿಮೆ ಬರುತ್ತದೆ, ಮೇಲಿಂದ ಬಿಸಿಯೂ ಏರುತ್ತದೆ. ಐದು ರೂಪಾಯಿಯ ರಬ್ಬರ್ ರಿಂಗಿನ ತಕರಾರು ಪಿಸ್ಟನ್ ಹಿಡಿಯುವಲ್ಲಿಗೆ ಮುಟ್ಟುವುದು ಹೀಗೆ. ತೇಕುವ ಮಿಷನ್ನನ್ನು ಜೋರಾಗಿ ಎಳೆಯಬೇಡಿ. ಆಯಿಲ್ ಬೆರೆಸುವ ಪ್ರಮಾಣವನ್ನು ಕೈಪಿಡಿಯಲ್ಲಿ ಇರುವಂತೆ ಅಳೆದು ಹಾಕಿ. ಟಿಸಿ-ಡಬ್ಲ್ಯು3 ಎಂದು ಬರೆದಿರುವ ಔಟ್‌ಬೋರ್ಡ್ ಆಯಿಲ್ಲೇ ಇರಲಿ, ಬೈಕಿನದ್ದು ಬೇಡ.

ರಿಪೇರಿ ಆದ ಮಿಷನ್ನನ್ನು ಶೆಡ್ಡಿನ ನೀರಿನ ಡ್ರಮ್ಮಿನಲ್ಲಿ ಓಡಿಸಿ ತೋರಿಸಿದರೆ ನಂಬಬೇಡಿ, ನಾನು ತೋರಿಸಿದರೂ ಅಷ್ಟೇ. ಡ್ರಮ್ಮಿನಲ್ಲಿ ನಿಧಾನಕ್ಕೆ ಓಡುವಾಗ ಬೇಕಾಗುವ ಎಣ್ಣೆ ತೀರಾ ಕಡಿಮೆ, ಅರ್ಧ ಕಟ್ಟಿದ ಪೈಪೂ ಅಷ್ಟನ್ನು ಕೊಟ್ಟೀತು. ದೋಣಿಗೆ ಕಟ್ಟಿ, ಪಂಚಗಂಗಾವಳಿ ಹೊಳೆಯ ಒಳಗಿನ ಶಾಂತ ನೀರಿನಲ್ಲಿ, ಜನ ತುಂಬಿಕೊಂಡು, ಸೀಮೆಎಣ್ಣೆಗೆ ಹಾಕಿ ಪೂರ್ತಿ ವೇಗದಲ್ಲಿ ಒಂದಷ್ಟು ಹೊತ್ತು ಓಡಿಸಿ. ಬಲ್ಬಿನ ಮೇಲೆ ಕೈ ಇರಲಿ. ಅಲ್ಲಿ ತೇಕದ ಮಿಷನ್ ಮಾತ್ರ ಅಳಿವೆ ದಾಟಲಿ. ಜೂನಿನ ಅಳಿವೆಯಲ್ಲಿ ತೆರೆಗೆ ಬೆನ್ನು ಕೊಟ್ಟು ನಿಂತ ದೋಣಿಗೆ ಮಿಷನ್ ಬಿಚ್ಚಿ ನೋಡುವ ಪುರುಸೊತ್ತು ಇರುವುದಿಲ್ಲ.

ಮಿಷನ್ ಎಷ್ಟೇ ಚೆನ್ನಾಗಿರಲಿ, ದೋಣಿಯಲ್ಲಿ ಹುಟ್ಟು, ಲಂಗರು, ಲೈಫ್ ಜಾಕೆಟ್, ಒಂದು ಹೊಸ ಪ್ಲಗ್, ಬಲ್ಬು ಸಮೇತ ಒಂದು ಪೈಪು ಇರಲೇಬೇಕು. ಕೋಸ್ಟ್ ಗಾರ್ಡ್‌ನ ಉಚಿತ ಕರೆಯ ಸಂಖ್ಯೆ 1554. ಅದನ್ನು ಮೊಬೈಲಿನಲ್ಲಿ ಮಾತ್ರವಲ್ಲ, ದೋಣಿಯ ಒಳಬದಿಯಲ್ಲೂ ಪೇಂಟಿನಲ್ಲಿ ಬರೆಸಿಡಿ.